ಮಲ್ಲಯ್ಯನಿಗೆ ಕೊಟ್ಟ ನಕ್ಷೆ

ನಮ್ಮಣ್ಣ ದೇವರನ್ನು ಪೂರ್ತಿ ನಂಬಿದವನು. ದೇವರ ಅಳತೆಯನ್ನು ಮಾತ್ರ ನಂಬುತ್ತಿರಲಿಲ್ಲ! ಅವನ ಲೆಕ್ಕದಲ್ಲಿ ಮೇಲಿನವನ ದರಬಾರೂ ನಿಜಾಮ ಸರಕಾರದ ಕಚೇರಿಯ ಹಾಗೆಯೇ. ಅರ್ಜಿ ಸ್ಪಷ್ಟವಾಗಿರಬೇಕು, ಜೊತೆಗೆ ನಕ್ಷೆ ಇರಬೇಕು. ಇಲ್ಲದಿದ್ದರೆ ಒಬ್ಬರ ಹುಕುಂ ಇನ್ನೊಬ್ಬರ ಕೈ ಸೇರುತ್ತದೆ.

ಅಣ್ಣ ಲಿಂಗಸುಗೂರಿನಿಂದ ಮಸ್ಕಿ ಹಾಯ್ದು ಸಿಂಧನೂರಿಗೆ ಹೋಗುವ ಸರ್ವೀಸ್ ಮೋಟರಿನ ಡ್ರೈವರ್. ಯುದ್ಧದ ಕಾಲ. ಪೆಟ್ರೋಲು ಸಿಗದೆ ಮೋಟರಿನ ಬೆನ್ನಿಗೆ ಇದ್ದಲಿ ಒಲೆಯೊಂದನ್ನು ಕಟ್ಟಿದ್ದರು. ದಿನದ ಕೊನೆಗೆ ಮೋಟರು ಮಸ್ಕಿಯಲ್ಲಿ ಒಬ್ಬ ಅಡತಿ ಸಾಹುಕಾರರ ಗೋದಾಮಿನಲ್ಲಿ ತಂಗುತ್ತಿತ್ತು. ಅದೇ ಗೋದಾಮಿನ ಮೂಲೆಯಲ್ಲಿ ಅಣ್ಣನೂ ನಾನೂ. ನಾನು ರೊಟ್ಟಿ ಬಡಿಯುವಾಗ ಮೋಟರಿನ ಮೂತಿ ನನ್ನ ಹೆಗಲ ಮೇಲಿಂದ ಇಣುಕುತ್ತಿತ್ತು! ಚಿಕ್ಕಂದಿನಲ್ಲಿ ಬಂದ ಒಂದು ಜ್ವರ ನನ್ನ ಎಡಗಾಲನ್ನು ಗಿಡ್ಡ ಮಾಡಿ ಹೋಗಿತ್ತು. ಕಾಲಿನ ನೆಪದಲ್ಲಿ ನನ್ನ ಮದುವೆ ನಿಂತಿತು, ನನ್ನ ನೆಪದಲ್ಲಿ ಅವನದು. ಊರವರ ಕುಪ್ಪಸ ಹೊಲಿದುಕೊಂಡು ನಾನು ಅವನ ಜೊತೆಗೇ ಇದ್ದೆ.

ಹೀಗಿರುವಾಗ ಒಂದು ದಿನ ಸಾಹುಕಾರರು ಬಂದು, "ಬನ್ನಿ ಹಬ್ಬದೊಳಗ ಖಾಲಿ ಮಾಡ್ರಪಾ, ಈ ಸಲ ಶೇಂಗಾ ತುಂಬೂದೈತಿ" ಎಂದರು. ಅದು ತಿಳಿದು ಮೋಟರಿನ ಮಾಲೀಕರು ಲಿಂಗಸುಗೂರಿನಿಂದ ಹೇಳಿ ಕಳಿಸಿದರು: ಮಸ್ಕಿಯಲ್ಲಿ ಮೋಟರಿಗೆ ಒಂದು ಜಾಗ ಮಾಡು, ಆಗದಿದ್ದರೆ ಸಿಂಧನೂರಿನ ಡ್ರೈವರನಿಗೆ ಕೊಡುತ್ತೇನೆ.

ಅಲ್ಲಿಗೆ ಮನೆಯೂ ಹೋಯಿತು, ಕೆಲಸವೂ ಹೋಯಿತು! ಮೊದಲೇ ನಮ್ಮಣ್ಣ ಚಿಂತೆಯಿಲ್ಲದ ದಿನ "ಏನೋ ಮರತೀನಲ್ಲಾ" ಎಂದು ಚಿಂತೆ ಮಾಡುವವನು. ಈಗ ಕೇಳಬೇಕೆ? ಉಣ್ಣುವಾಗ ಫಿಕರು, ಗೇರು ಹಾಕುವಾಗ ಫಿಕರು. ಎರಡು ಸಲ ಸಂತೆಕಲ್ಲೂರಿನವರನ್ನು ಇಳಿಸುವುದನ್ನೇ ಮರೆತು ಮುಂದೆ ಒಯ್ದ.

ನಮ್ಮಲ್ಲಿ ಮನೆ ಬೇಕಾದವರು ಗುಡ್ಡದ ಮಲ್ಲಯ್ಯನ ಬಳಿ ಹೋಗಿ, ಕಲ್ಲಿನ ಮೇಲೆ ಕಲ್ಲಿಟ್ಟು ಗೇಣುದ್ದದ ಮನೆ ಕಟ್ಟಿ ಕೈಮುಗಿದು ಬರುತ್ತಾರೆ. ಅಣ್ಣನೂ ಹಾಗೆ ಮಾಡಬಹುದಿತ್ತಲ್ಲವೆ?

"ಮೂರು ಕಲ್ಲು ಇಟ್ಟ್ರ ಅವಂಗೇನು ತಿಳಿತೈತಿ?" ಎಂದ. "ಸಂತೆಕಲ್ಲೂರಾಗ ಒಬ್ಬಾಂವ ಕಲ್ಲಿನ ಮನಿಗೆ ಬಾಗಲಾ ಬಿಡೂದು ಮರತ. ಮನಿ ಸಿಕ್ತು. ಪಾಲಿನಾಗ ಬಾಗಲಾ ತಮ್ಮಂಗ ಹೋತು! ಈಗ ಕಿಡಕ್ಯಾಗ ಹೊಂಟು ಬರ್ತಾನ ತಂಗಿ, ನಾನ ನೋಡೀನಿ."

ಹಾಗಾಗಿ ಅಣ್ಣ ಮನೆಯಲ್ಲೇ ನಕ್ಷೆ ಕಟ್ಟತೊಡಗಿದ. ಕೆಳಗೆ ಎಣ್ಣೆ ಡಬ್ಬಿ ಕತ್ತರಿಸಿ ಮೋಟರ್ ಖಾನೆ. ಮೇಲೆ ಚಹಾದ ಹಲಗೆ ಪೆಟ್ಟಿಗೆಯಿಂದ ನಾವಿರುವ ಕೋಣೆ. ನಡುವೆ ಬೇವಿನ ಚಕ್ಕೆಯ ಮೆಟ್ಟಿಲು. ಕಡ್ಡಿಪೆಟ್ಟಿಗೆ ಹೊರಸಾಯಿತು. ನನ್ನ ಕುಪ್ಪಸದ ಅರಿವೆ ಪರದೆಯಾಯಿತು. ಖಾನೆಯೊಳಗೆ ತಗಡಿನದೊಂದು ಮೋಟರು ನಿಂತಿತು. ಅದಕ್ಕೂ ಇದ್ದಲಿ ಒಲೆ ಬೇಕಲ್ಲ? ನನ್ನ ಹೊಲಿಗೆಯ ಅಂಗುಸ್ತಾನವೇ ಮಾಯ! ಎಂಟು ದಿನ ಬೆರಳಿಗೆ ಸೂಜಿ ಚುಚ್ಚಿಸಿಕೊಂಡು ಊರ ಕುಪ್ಪಸ ಹೊಲಿದೆ.

"ಇಷ್ಟೆಲ್ಲಾ ಯಾಕ ಬೇಕೋ ಅಣ್ಣಾ?"

"ಒಲಿ ತೋರಸ್ಲಿಲ್ಲಂದ್ರ ಪೆಟ್ರೋಲ್ ಮೋಟರ್ ಅಂತ ತಿಳ್ಕೊಂಡು ಸಣ್ಣ ಜಾಗಾ ಕೊಟ್ಟಾನು!"

ಎಲ್ಲ ಮುಗಿದ ಮೇಲೆ ಅವನಿಗೆ ಭಯಂಕರವಾದ ಅನುಮಾನವೊಂದು ಬಂತು. ಮಲ್ಲಯ್ಯ ಇದೇ ಅಳತೆಯ ಮನೆ ಕೊಟ್ಟುಬಿಟ್ಟರೆ? ಮುಖ ಬಿಳಿಚಿಕೊಂಡು ಹೊಲಕ್ಕೆ ಓಡಿದ. ಜೋಳದ ದಂಟು ತಂದು, ಸುಲಿದು, ಬೆಂಡಿನಿಂದ ಬೆರಳುದ್ದದ ಎರಡು ಗೊಂಬೆ ಮಾಡಿದ. ಮನುಷ್ಯರೆಷ್ಟು, ಮನೆಯೆಷ್ಟು ಎಂದು ದೇವರೇ ಹೋಲಿಸಿ ನೋಡಿಕೊಳ್ಳಲಿ ಅಂತ. ಒಂದು ಅವನು, ಒಂದು ನಾನು.

ನನ್ನ ಗೊಂಬೆಯ ಎರಡೂ ಕಾಲು ಸಮ ಇದ್ದವು. "ಇದ್ಯಾರೋ ಬ್ಯಾರೆ ಹೆಣ್ಮಗಳು ಬಂದಾಳಲ್ಲೋ ನಮ್ಮನಿಗೆ!" ಎಂದು ನಕ್ಕೆ.

ನಗಬಾರದಿತ್ತು. "ಹೌದಲ್ಲಾ! ಗುರ್ತು ಸಿಗದ ನಿನ್ನ ಹೊರಗ ಬಿಟ್ಟ್ರ?" ಎಂದು ಗಾಬರಿಯಾದ. ಬ್ಲೇಡು ತೆಗೆದುಕೊಂಡು, ನನ್ನ ಕಡೆ ನೋಡದೆ, ಗೊಂಬೆಯ ಎಡಗಾಲನ್ನು ಒಂದಿಷ್ಟು ಕತ್ತರಿಸಿದ. ಮೆಟ್ಟಿಲ ಮೇಲೆ ನಿಲ್ಲಿಸಿದ. ಅದು ವಾಲಿ ಕೆಳಗೆ ಬಿತ್ತು. ಮತ್ತೆ ನಿಲ್ಲಿಸಿದ, ಮತ್ತೆ ಬಿತ್ತು. ಮೆಟ್ಟಿಲು ಅಗಲ ಮಾಡಿದ, ಗಿಡ್ಡ ಮಾಡಿದ.

"ಆನಿ ಹತ್ತೂದೈತೇನು?" ಎಂದೆ. ನಾನು ನಗುತ್ತಿದ್ದೆ ಅಂದರೆ ನನಗೆ ಹೆದರಿಕೆ ಇರಲಿಲ್ಲ ಅಂತಲ್ಲ. ಬನ್ನಿ ಹಬ್ಬ ಹತ್ತಿರಾಗುತ್ತಿತ್ತು. ಅವನು ಸಿಂಧನೂರಿಗೆ ಹೋಗಿ ಬರುವಷ್ಟರಲ್ಲಿ ದಿನಾ ನಾನು ಸಾಮಾನು ಕಟ್ಟುತ್ತಿದ್ದೆ, ಬಿಚ್ಚುತ್ತಿದ್ದೆ.

ಶ್ರಾವಣದ ಕೊನೆಯ ಸೋಮವಾರ ಅಣ್ಣ ನಕ್ಷೆಗೆ ದುಪ್ಪಟಿ ಮುಚ್ಚಿ, ನನಗೂ ತೋರಿಸದೆ, ತಲೆಯ ಮೇಲೆ ಹೊತ್ತು ಗುಡ್ಡ ಹತ್ತಿದ. ಬೀಳದ ಹಾಗೆ ನೋಡಿಕೊಳ್ಳಲು ಮೋಟರಿನ ಕಂಡಕ್ಟರ್ ಚಾಚಾ ಹಿಂದೆ ಹೋದ. ಆ ಗುಡ್ಡ ಹತ್ತುವುದು ನನ್ನಿಂದಾಗದ ಮಾತು. ಬಾಗಿಲಲ್ಲಿ ಕೂತೆ.

ಮೊದಲು ಇಳಿದು ಬಂದವನು ಚಾಚಾ. ನಗುವ ಭರಕ್ಕೆ ಟೋಪಿ ಕೈಗೆ ಬಂದಿತ್ತು. "ಬೇಟಿ, ನಿಮ್ಮಣ್ಣಗ ಪೂರಾ ತಲಿ ಕೆಟ್ಟೈತಿ! ಮನಿ ಕೆಳಗ ಇಟ್ಟಾನ, ಮೋಟರ್ ಮಾಳಗಿ ಮ್ಯಾಲೆ ಹತ್ತಿಸ್ಯಾನ! ಗುಡ್ಡದ ಮ್ಯಾಲಿನ ಮಂದಿಯೆಲ್ಲಾ ಬಿದ್ದು ಬಿದ್ದು ನಗಾಕತ್ತೈತಿ!"

ನಾನೂ ನಕ್ಕೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಮಾಳಿಗೆಯ ಮೇಲೆ ಮೋಟರಂತೆ! ಅಣ್ಣ ಬಂದು ದುಪ್ಪಟಿ ಮಡಚಿಡುತ್ತಿದ್ದಾಗ ಕೇಳಿಯೇ ಬಿಟ್ಟೆ: "ಏನೋ ಇದು, ಮೋಟರ್ ಮ್ಯಾಲೆ ಹೆಂಗ ಹತ್ತತೈತೋ?"

"ಅದರ ಫಿಕರ್ ಅವನು ಮಾಡ್ಲಿ," ಎಂದ. ದುಪ್ಪಟಿಯ ಮಡಿಕೆ ಸರಿ ಮಾಡುತ್ತಲೇ ಇದ್ದ. "ಮೋಟರಿಗೆ ಕಾಲು ನೋಯೂದಿಲ್ಲ, ತಂಗಿ."

ನನ್ನ ನಗು ಅಲ್ಲೇ ನಿಂತಿತು. ನೀರು ತರುವ ನೆಪ ಮಾಡಿ ಒಳಗೆ ಹೋದೆ. ಮೋಟರಿನ ಹಿಂದೆ ನಿಂತು ಅತ್ತೆ.

ಮನೆ ಸಿಕ್ಕಿತೇ ಅಂತೀರಾ? ಸಿಕ್ಕಿತು. ಬನ್ನಿ ಹಬ್ಬಕ್ಕೆ ಎರಡು ದಿನವಿರುವಾಗ, ಲಿಂಗಸುಗೂರಿನ ದಾರಿಯಲ್ಲಿ ಚಾಚಾನ ಬೀಗರದೊಂದು ಕೋಣೆ. ಮಾಳಿಗೆಯಿಲ್ಲ, ಮೆಟ್ಟಿಲಿಲ್ಲ. ಪಕ್ಕದ ಬೇವಿನ ಕೆಳಗೆ ಒಂದು ಹಳೇ ಚಪ್ಪರ. ಮಾಲೀಕರು ಬಂದು ನೋಡಿ ಒಪ್ಪಿದರು, ಮೋಟರು ಅಲ್ಲೇ ನಿಂತಿತು. ಅದನ್ನು ಮೇಲೆ ಹತ್ತಿಸುವ ಉಪಾಯ ಮಲ್ಲಯ್ಯನಿಗೂ ಹೊಳೆಯಲಿಲ್ಲವೆಂದು ಕಾಣುತ್ತದೆ.

ಸಾಮಾನು ಇಳಿಸಿ ನಾನು ಬಾಗಿಲಿಗೆ ಬಂದರೆ, ಹೊಸ್ತಿಲು ಮೊಣಕಾಲೆತ್ತರ! ಅಣ್ಣ ಹಣೆ ಹಣೆ ಬಡಿದುಕೊಂಡ.

"ಅಯ್ಯಯ್ಯೋ! ಹೊಸ್ತಿಲದ ಅಳತಿ ಕೊಡೂದ ಮರತೀನಲ್ಲಾ!"

ಆ ದಿನ ಮಾತ್ರ ನಾನು ಅವನನ್ನು ಗೇಲಿ ಮಾಡಲಿಲ್ಲ. ಕೈ ಚಾಚಿದೆ. ಅವನು ಹಿಡಿದ. ದಾಟಿದೆ.