ಟಲ್ಲಿಯ ಹಿತ್ತಲಿನ ಬಾಟಲಿ

ಮರ್ವಿನ್ ಟಲ್ಲಿಯ ಆ ದಿನದ ಕಷ್ಟಕ್ಕೆಲ್ಲ ಒಂದು ಗಾಜಿನ ಬಾಟಲಿ ಮೂಲ. ಸ್ಯಾಂಡ್‌ಫ್ಲೈ ಪಾಯಿಂಟಿನ ಕಲ್ಲಿದ್ದಲಿನ ಬಂದರು ನಡೆಸುವ ಕಂಪನಿಯವರು ಅದನ್ನು ಅವನ ಹಿತ್ತಲಿನ ಕಂಬಕ್ಕೆ ಕಟ್ಟಿ, ಬಾಯಿಗೆ ಆಲಿಕೆ ಸಿಕ್ಕಿಸಿ ಹೋಗಿದ್ದರು. ಗಾಳಿಯಲ್ಲಿ ಬಂದ ಧೂಳು ಮಳೆನೀರಿನ ಜೊತೆ ಅದರ ತಳಕ್ಕೆ ಇಳಿಯಬೇಕು. ತಿಂಗಳ ಕೊನೆಗೆ ಅದು ಬಾಟಲಿಯ ಮೇಲಿನ ಕೆಂಪು ಗೆರೆ ಮುಟ್ಟಿದ್ದರೆ ಬೀದಿಯ ಮನೆಮನೆಗೂ ಧೂಳು ಒಳಗಿಳಿಯದ ಹೊಸ ನೀರಿನ ಟ್ಯಾಂಕ್ ಕೊಡುವುದಾಗಿ ಮಾತಾಗಿತ್ತು.

ಆ ಬೀದಿಯವರು ಕುಡಿಯುವುದು ತಮ್ಮ ಚಾವಣಿಯ ಮೇಲೆ ಬಿದ್ದ ಮಳೆನೀರನ್ನು. ಒಂದು ಕಾಲಕ್ಕೆ ಅದಕ್ಕೆ ನೀರಿನ ಬಣ್ಣವೇ ಇತ್ತು. ಬಂದರಿನ ರಾಶಿಗಳು ಗುಡ್ಡಗಳಾಗಿ ಬೆಳೆದು, ಸಮುದ್ರದಲ್ಲಿ ಹಡಗುಗಳು ಎರಡನೆಯ ಪಂಕ್ತಿಗೆ ಕಾದ ಉಂಡಾಡಿಗಳಂತೆ ಸಾಲುಗಟ್ಟಿ ನಿಂತ ಮೇಲೆ, ಚಹಾಪುಡಿ ಹಾಕುವ ಮೊದಲೇ ನೀರು ಚಹಾದಂತೆ ಕಾಣತೊಡಗಿತು. ಮರ್ವಿನನ ಹೆಂಡತಿ ನೋರೀನ್ ತಪಾಸಣೆಯ ಆ ದಿನ ಬೆಳಿಗ್ಗೆ ಬಟ್ಟೆಯ ಪೆಟ್ಟಿಗೆಯನ್ನು ಮಂಚದ ಮೇಲೆ ತೆರೆದಿಟ್ಟಳು.

"ಇವತ್ತು ಟ್ಯಾಂಕ್ ಸಿಗಲಿಲ್ಲ ಅಂದ್ರೆ ನಾನು ತಂಗಿ ಮನೆಗೆ ಹೊರಟೆ. ನೀನು ಕಲ್ಲಿದ್ದಲಿನ ಜೊತೆ ಸಂಸಾರ ಮಾಡ್ಕೊ."

ಮರ್ವಿನ್ ಅದೇ ಬಂದರಿನಲ್ಲಿ ಕಲ್ಲಿದ್ದಲು ಸಾಗಿಸುವ ಬೆಲ್ಟ್ ಕಾಯ್ದು ನಿವೃತ್ತನಾದವನು. ದೇವರಿಗೂ ಹೆಂಡತಿಗೂ ಸಮನಾಗಿ ಅಂಜುವವನು. ಓಡಿಹೋಗಿ ಬಾಟಲಿ ನೋಡಿದನು. ಕಪ್ಪು ಧೂಳು ಕೆಂಪು ಗೆರೆಯನ್ನು ದಾಟಿತ್ತು. ಅಲ್ಲಿಯೇ ದೇವರಿಗೆ ವಂದನೆ ಹೇಳಿದನು. ಅಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಬೇಲಿಯಾಚೆಯ ಬೆರಿಲ್ ಹಾಕಿನ್ಸಳಿಗೂ ಹೇಳಿದನು.

"ದಾಟಿದ್ರೆ ಸಾಲದು ಮರ್ವ್," ಎಂದಳು ಬೆರಿಲ್. "ಆ ಜನ ಗೆರೇನೇ ಮೇಲಕ್ಕೆ ಎತ್ತಿಬಿಡೋರು."

ಅವನು ಗಡ್ಡ ಹೆರೆದುಕೊಳ್ಳಲು ಒಳಗೆ ಹೋದಾಗ ಆಕೆ ಬಂದು, ಭಾನುವಾರ ಮಾಂಸ ಸುಟ್ಟ ಒಲೆಯ ಬೂದಿಯನ್ನು ಜಿಡ್ಡಿನ ಸಮೇತ ಆಲಿಕೆಗೆ ಸುರಿದಳು. ಆಕೆಯ ಹಿಂದೆಯೇ ಪ್ಯಾಸ್ಕೋ ಬಂದನು. ಈತ ಇಗರ್ಜಿಯಲ್ಲಿ ಕಾಣಿಕೆಯ ತಟ್ಟೆ ಹಿಡಿಯುವ ಹಿರಿಯ. ಪ್ರಾರ್ಥನೆಗೆ ಯಾವಾಗಲೂ ತಡವಾಗಿ ಬರುವವನು ಈ ಪುಣ್ಯಕ್ಕೆ ಮಾತ್ರ ಬೇಗ ಬಂದಿದ್ದನು. ಹಿಂದಿನ ಸಂಜೆ ಕೊಯ್ಲಿಗೆ ಮೊದಲು ಕಬ್ಬಿನ ಗದ್ದೆಗಳಿಗೆ ಬೆಂಕಿ ಕೊಟ್ಟಿದ್ದರು. ಹಾರಿಬಂದ ಗರಿಯ ಬೂದಿಯನ್ನು ತನ್ನ ಜಗುಲಿಯಿಂದ ಗುಡಿಸಿ ತಂದು ಬಾಟಲಿಗೆ ತುರುಕಿ, ನೆರೆಯವನಿಗೆ ಉಪಕಾರ ಮಾಡಿದ ಮುಖ ಹೊತ್ತು ನಿಂತನು.

ಮರ್ವಿನ್ ಹೊರಗೆ ಬಂದು ನೋಡಿ ತಲೆಯ ಮೇಲೆ ಕೈ ಹೊತ್ತುಕೊಂಡನು. ಕಂಪನಿಯವರು ಇಷ್ಟು ಕಾಲದಿಂದ ಹೇಳುತ್ತ ಬಂದದ್ದು ಒಂದೇ ಮಾತು: ನಿಮ್ಮ ಮನೆಯ ಕಪ್ಪು ನಮ್ಮ ಕಲ್ಲಿದ್ದಲಿನದಲ್ಲ, ಕಬ್ಬಿನ ಬೂದಿಯದು.

"ಅವರ ಸುಳ್ಳಿಗೆ ನೀವೇ ಸಾಕ್ಷಿ ತುಂಬಿಟ್ರಲ್ಲ," ಎಂದನು.

ಪ್ಯಾಸ್ಕೋ ಸ್ವಲ್ಪವೂ ಅಳುಕಲಿಲ್ಲ. ಬೂದಿ ತೇಲುತ್ತದೆ, ಕಲ್ಲಿದ್ದಲು ಮುಳುಗುತ್ತದೆ, ಮೇಲಿನದನ್ನು ಸೋಸಿದರಾಯಿತು ಎಂದು ಉಪದೇಶ ಮಾಡಿದನು. ನೋರೀನಳ ಚಹಾ ಸೋಸುವ ಜಾಲರಿ ಹೊರಗೆ ಬಂತು. ಆದರೆ ಬೆರಿಲಳ ಜಿಡ್ಡು ಎಲ್ಲವನ್ನೂ ಕಲಸಿ ಅಂಬಲಿ ಮಾಡಿತ್ತು. ತೇಲಬೇಕಾದದ್ದು ಮುಳುಗಿತು, ಮುಳುಗಬೇಕಾದದ್ದು ಜಾಲರಿಗೆ ಮೆತ್ತಿತು. ಇದ್ದದ್ದನ್ನು ಇದ್ದಂತೆ ಹೇಳಿಬಿಡೋಣವೆಂದು ಮರ್ವಿನ್ ಅಂದನು. ಹಿರಿಯ ಪ್ಯಾಸ್ಕೋನಿಗೆ ಆ ಮಾತು ಹಿಡಿಸಲಿಲ್ಲ.

ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಕಂಪನಿಯ ಕಾರು ಕಾಣಿಸಿತು. ಬೆರಿಲ್ ಬಾಟಲಿಯನ್ನು ಕಸಿದುಕೊಂಡು, ಗಿಡಕ್ಕೆ ನೀರು ಬಿಡುವ ಕೊಳವೆಯಿಂದ ಫಳಫಳ ಹೊಳೆಯುವಂತೆ ತೊಳೆದುಬಿಟ್ಟಳು. ಚಾವಣಿಯ ಅಂಚಿನ ಮಳೆನೀರು ಹರಿಯುವ ದೋಣಿಯಿಂದ ಅಸಲಿ ಧೂಳು ಬಳಿದು ತುಂಬೋಣ ಎಂಬುದು ಆಕೆಯ ಹಂಚಿಕೆ. ಏಣಿ ಹುಡುಕುವ ಮೊದಲೇ ಕಾರಿನ ಬಾಗಿಲು ತೆರೆಯಿತು. ಸಹಾಯಕರಿಬ್ಬರೂ ಬೇಲಿಯಾಚೆ ಮಾಯವಾದರು.

ಮರ್ವಿನ್ ಬಾಟಲಿಯನ್ನು ಕಂಬಕ್ಕೆ ಸಿಕ್ಕಿಸಿ ಆಕಾಶ ನೋಡಿದನು. ಅಡವಿಯಲ್ಲಿ ಹಸಿದವರಿಗೆ ಆಹಾರ ಸುರಿಸಿದ ದೇವರು ತನಗೊಂದು ಹಿಡಿ ಧೂಳು ಸುರಿಸಬಾರದೇ! ಆದರೆ ಅದು ತಪಾಸಣೆಯ ದಿನ. ಬೆಳಗಿನಿಂದ ಕಂಪನಿಯವರು ರಾಶಿಗಳ ಮೇಲೆ ಬಿಡುವಿಲ್ಲದೆ ನೀರು ಚಿಮ್ಮಿಸಿ, ಕಲ್ಲಿದ್ದಲಿನ ರೈಲುಗಳನ್ನೂ ತಡೆದಿಟ್ಟಿದ್ದರು. ಗಾಳಿ ಸೃಷ್ಟಿಯ ಮೊದಲ ದಿನದಷ್ಟು ನಿರ್ಮಲವಾಗಿತ್ತು.

ಕಾರಿನಿಂದ ಇಳಿದ ಕಂಪನಿಯ ತಪಾಸಣಾಧಿಕಾರಿ ಟ್ರೆಂಬತ್ ಬಾಟಲಿಯನ್ನು ಬಿಸಿಲಿಗೆ ಹಿಡಿದನು. ಆಲಿಕೆಯ ಒಳಗೆ ಬೆರಳಾಡಿಸಿ ಬೆರಳು ನೋಡಿಕೊಂಡನು. ಅವನ ಮುಖ ಹಬ್ಬದ ದೀಪದಂತೆ ಹೊತ್ತಿಕೊಂಡಿತು.

"ಸ್ವಾಮಿ, ಅದು ಈಗ ತಾನೇ ತೊಳೆದದ್ದು," ಎಂದು ಮರ್ವಿನ್ ಬಾಯಿ ಬಿಟ್ಟನು. "ಬೆಳಿಗ್ಗೆ ಗೆರೆ ದಾಟಿತ್ತು."

"ಸಂಕೋಚ ಪಟ್ಕೋಬೇಡಿ ಟಲ್ಲಿಯವರೇ. ದೂರು ಕೊಟ್ಟ ಮೇಲೆ ಬಾಟಲಿ ಶುಭ್ರವಾಗಿ ಬಂದ್ರೆ ಯಾರಿಗಾದ್ರೂ ನಾಚಿಕೆ ಆಗುತ್ತೆ."

"ಹಾಗಾದ್ರೆ ಟ್ಯಾಂಕಿನ ಒಳಗೆ ನೋಡಿ."

"ಟ್ಯಾಂಕಿನ ಒಳಗಿನದು ನಿಮ್ಮ ಸ್ವಂತ ವಿಷಯ. ನಮಗೆ ಬಾಟಲಿಯೇ ಪ್ರಮಾಣ."

ಬೇಲಿಯ ಮೇಲೆ ಬೆರಿಲಳ ತಲೆ ಎದ್ದಿತು. "ನಾನು ಮೊದಲೇ ಅಂದಿರಲಿಲ್ವಾ ಪ್ಯಾಸ್ಕೋ? ಈ ಮನುಷ್ಯ ಯಾವತ್ತಿದ್ರೂ ಕಂಪನಿ ಕಡೆಯವನೇ." ಪಕ್ಕದಲ್ಲಿ ಎದ್ದ ಎರಡನೆಯ ತಲೆ, ಲೋಕ ಕೆಟ್ಟಿತೆಂಬ ದುಃಖದಿಂದ ಅತ್ತಿತ್ತ ಆಡಿತು.

ಟ್ರೆಂಬತ್ ಆಗಲೇ ಕಚೇರಿಗೆ ಫೋನು ಮಾಡಿ ನಗುತ್ತಿದ್ದನು. ಮಾತು ಮುಗಿಸಿ ಮರ್ವಿನನ ಕೈ ಕುಲುಕಿದನು. ಬಂದರಿಗೆ ಇನ್ನೊಂದು ರಾಶಿ ಹಾಕಲು ಜಾಗ ಬೇಕಾಗಿತ್ತಂತೆ. ಮನೆಗಳಿಗೆ ಧೂಳು ಬರುವುದಿಲ್ಲವೆಂದು ತೋರಿಸಿಕೊಡದೆ ಸರ್ಕಾರ ಒಪ್ಪಿಗೆ ಕೊಡುತ್ತಿರಲಿಲ್ಲವಂತೆ.

"ನಿಮ್ಮ ಹಿತ್ತಲಿನ ಹಿಂದಿನ ಬಯಲು," ಎಂದನು. "ಈ ಕರಾವಳಿಯಲ್ಲೇ ಧೂಳು ಕೂರದ ಜಾಗ ಇದೊಂದೇ ಅಂತ ಈಗ ಸಾಬೀತಾಯ್ತಲ್ಲ."

ನೋರೀನ್ ಪೆಟ್ಟಿಗೆ ಹಿಡಿದು ಮೆಟ್ಟಿಲಿಳಿದಳು. ಗಂಡನ ಕಡೆ ತಿರುಗಲಿಲ್ಲ. ಕಾರು ಬಸ್ ನಿಲ್ದಾಣದ ಕಡೆ ಹೋಗುತ್ತದೆಯೇ ಎಂದು ಟ್ರೆಂಬತ್‌ನನ್ನು ಕೇಳಿದಳು. ಸಜ್ಜನನಾದ ಅವನು ತಾನೇ ಪೆಟ್ಟಿಗೆ ಎತ್ತಿಟ್ಟು, ಆಕೆಗೆ ಬಾಗಿಲು ತೆರೆದನು. ಕಾರು ಹೊರಟ ಮೇಲೆ ಕಿಟಕಿಯ ಗಾಜು ಇಳಿಸಿ ತಲೆ ಹೊರಹಾಕಿದನು.

"ಬಾಟಲಿಯನ್ನ ಚೆನ್ನಾಗಿ ನೋಡ್ಕೊಳ್ಳಿ ಟಲ್ಲಿಯವರೇ. ಮುಂದಿನ ತಿಂಗಳೂ ಹೀಗೇ ಇರಲಿ."