ಜಗಲಿ ಒಡೆಯಲು ಬಂದವರು

ಗರುಡಾಚಾರ್‌ಪಾಳ್ಯದಲ್ಲಿ ಹಿರಿಯರ ಮೇಲಿನ ಗೌರವ ವರ್ಷಕ್ಕೊಮ್ಮೆ, ನವೆಂಬರಿನಲ್ಲಿ, ಶಾಮಿಯಾನದ ಜೊತೆಗೇ ಬರುತ್ತಿತ್ತು. ಶಾಮಿಯಾನ ಬಿಚ್ಚುವಾಗ ಅದನ್ನೂ ಮಡಚಿ ಲಾರಿಗೆ ಹಾಕುತ್ತಿದ್ದರು. ತೊಂಬತ್ತರ ದಶಕದ ಕೊನೆಗೆ ನಾನಲ್ಲಿ ಬಾಡಿಗೆಗಿದ್ದೆ. ಇಂಥದ್ದು ನೋಡಲು ಎಲ್ಲಿಗೂ ಹೋಗಬೇಕಾಗಿರಲಿಲ್ಲ, ಬಾಗಿಲು ತೆರೆದರೆ ಸಾಕಿತ್ತು.

೧. ಬೋರ್ಡು

ಮನೆ ಓನರ್ ತಾಯಿ ಊರಿಗೆಲ್ಲ ಅಜ್ಜಿ. ಹೊಲವೆಲ್ಲ ಸೈಟಾಗಿ ಹೋದರೂ ಹೊಲದ ಕಾಲದ ಒಂದು ಪದ್ಧತಿಯನ್ನು ಅವರು ಮಾರಿರಲಿಲ್ಲ: ಜಗಲಿಯ ಮೇಲೆ ಕೂತವರಿಗೆ ಮೊದಲು ನೀರು ಕೊಡಬೇಕು, ಯಾರೆಂದು ಆಮೇಲೆ ಕೇಳಬೇಕು. ಹೆಚ್ಚಿನ ದಿನ ಕೇಳುವುದು ಮರೆತೇ ಹೋಗುತ್ತಿತ್ತು. ಕಟ್ಟಡ ಕೆಲಸದ ರಾಯಚೂರಿನವರು, ಪೋಸ್ಟ್‌ಮ್ಯಾನ್, ಬಸ್ಸು ತಪ್ಪಿದವರು, ಎಲ್ಲರೂ ಅಲ್ಲೇ.

ಹೊಸ ಕಾರು ಕೊಂಡ ಮೇಲೆ ಓನರ್‌ಗೆ ಇದು ಮರ್ಯಾದೆಯ ಪ್ರಶ್ನೆಯಾಯಿತು. ‘ಇಲ್ಲಿ ಕೂರಬಾರದು’ ಎಂದು ಬೋರ್ಡು ಹಾಕಿಸಿದರು. ಅಜ್ಜಿ ಅದರ ಮೇಲೆ ಟವೆಲ್ ಒಣಹಾಕಿದರು.

“ಏನಮ್ಮಾ, ಬೋರ್ಡ್ ಕಾಣ್ಸಲ್ವಾ ನಿಂಗೆ?”

“ನಂಗೆ ಓದಕ್ಕೆ ಬರಲ್ಲ ಕಣಪ್ಪಾ. ಓದಿರೋನು ನೀನು. ನೀನು ಕೂತ್ಕೋಬೇಡ.”

೨. ಸಭೆ

ಆ ವರ್ಷ ರಾಜ್ಯೋತ್ಸವ ಸಮಿತಿಯವರು ‘ಹಿರಿಯರ ಮೌಲ್ಯ ಉಳಿಸೋಣ’ ಎಂಬ ಕಾರ್ಯಕ್ರಮ ಇಟ್ಟುಕೊಂಡರು. ಅಧ್ಯಕ್ಷರು ನಮ್ಮ ಓನರ್. ಸಭೆ ಸೇರಲು ಬೇರೆ ಜಾಗವಿಲ್ಲದೆ ಅದೇ ಜಗಲಿಯ ಮೇಲೆ ಹದಿನೈದು ಜನ ಕೂತರು, ಅಜ್ಜಿ ಕೊಟ್ಟ ಮಜ್ಜಿಗೆ ಕುಡಿದರು, ಒಮ್ಮತದಿಂದ ಒಂದು ತೀರ್ಮಾನ ಮಾಡಿದರು. ಸ್ಟೇಜಿನ ಸಾಮಾನು ತರುವ ಲಾರಿ ಆ ಮೂಲೆಯಲ್ಲಿ ತಿರುಗುವುದಿಲ್ಲ, ಆದ್ದರಿಂದ ಜಗಲಿ ಒಡೆಯಬೇಕು.

ಮನೆ ಪತ್ರ ಮಗನ ಹೆಸರಲ್ಲಿತ್ತು. ಅಜ್ಜಿ ಖಾಲಿ ಲೋಟ ಎತ್ತತೊಡಗಿದರು. ಓನರ್ ಮೃದುವಾಗಿ ಹೇಳಿದರು:

“ಅಮ್ಮಾ, ಸ್ವಲ್ಪ ಆ ಕಡೆ ಹೋಗು. ಅಳತೆ ತಗೋಬೇಕು.”

೩. ಸುತ್ತಿಗೆ

ಕಾರ್ಯಕ್ರಮದ ಹಿಂದಿನ ದಿನ ರಾಯಚೂರು ಕಡೆಯ ಮೂವರು ಸುತ್ತಿಗೆ ಹಿಡಿದು ಬಂದರು. ಜಗಲಿಗೆ ಬಂದವರು ಎಂದ ಮೇಲೆ ಮುಗಿಯಿತಲ್ಲ. ಅಜ್ಜಿ ಕೂರಿಸಿ ನೀರು ಕೊಟ್ಟರು. ಊಟದ ಹೊತ್ತಾಗಿತ್ತು, ಮುದ್ದೆ, ಬಸ್ಸಾರು ಬಡಿಸಿದರು.

ಓನರ್ ಬಂದು ನೋಡಿದರೆ ಮೂವರೂ ಕೈ ತೊಳೆದು, ಸುತ್ತಿಗೆ ಕೆಳಗಿಟ್ಟು, ತಲೆ ಕೆರೆಯುತ್ತ ನಿಂತಿದ್ದರು.

“ಏನ್ರೋ, ಇನ್ನೂ ಶುರು ಮಾಡಿಲ್ವಾ?”

“ಇಲ್ಲೇ ಕುಂತು ಉಂಡೀವ್ರಿ,” ಎಂದ ಮೂವರಲ್ಲಿ ಹಿರಿಯ. “ಈಗ ಇದನ್ನೇ ಒಡಿ ಅಂದ್ರ ನಮ್ ಕೈಲೆ ಆಗಂಗಿಲ್ರಿ. ಇಲ್ಲಿ ಉಣ್ಲಾರದವರನ್ನ ಯಾರ್ನಾರ ಕರ್ಸ್ರಿ.”

“ಯಾರೂ ಬೇಡ, ನಾನೇ ಒಡೀತೀನಿ!” ಓನರ್ ಜರಿ ಪಂಚೆ ಎತ್ತಿ ಕಟ್ಟಿ ಸುತ್ತಿಗೆ ಎತ್ತಿದರು. ಎರಡು ಪೆಟ್ಟು ಹಾಕಿದರು. ಕಲ್ಲಿಗೆ ಏನೂ ಆಗಲಿಲ್ಲ, ಸೊಂಟಕ್ಕೆ ಆಯಿತು.

ಅಜ್ಜಿ ತಟ್ಟೆ ಹಿಡಿದು ಬಂದರು. “ಬೆಳಗ್ಗೆಯಿಂದ ಏನೂ ತಿಂದಿಲ್ಲ ನೀನು. ಕೂತ್ಕೋ, ಊಟ ಮಾಡು. ಆಮೇಲೆ ಒಡಿ.”

ಹಸಿವು ದೊಡ್ಡದು. ಅಧ್ಯಕ್ಷರು ಜಗಲಿಯ ಮೇಲೆ ಕೂತು, ಎರಡು ಮುದ್ದೆ ಮುರಿದು, ಬೆರಳು ನೆಕ್ಕಿ ಎದ್ದರು. ಕೈ ಒರೆಸಿಕೊಂಡು ಸುತ್ತಿಗೆಗೆ ಬಗ್ಗಿದರು. ಅದು ಆಗಲೇ ಹಿರಿಯನ ಹೆಗಲ ಮೇಲಿತ್ತು.

“ಅದನ್ನ ಕೊಡಯ್ಯಾ ಇಲ್ಲಿ!”

“ಹೆಂಗ್ರಿ ಸಾವುಕಾರ್ರ,” ಎಂದ ಅವನು, ಬಹಳ ಮರ್ಯಾದೆಯಿಂದ. “ಈಗ ನೀವೂ ಉಂಡ್ರಲ್ಲ?”