ಮುಂದಿನ ಸೀಟಿನ ಹಾಜರಿ

ಸಾವಿರದ ಒಂಬೈನೂರ ತೊಂಬತ್ತೊಂದರಲ್ಲಿ ನಾನು ಓದು ನಿಲ್ಲಿಸಿದೆ. ಎಂಟನೇ ಕ್ಲಾಸು. ಲೆಕ್ಕದ ಕಾಟ ಇಲ್ಲಿಗೆ ಮುಗಿಯಿತು ಎಂದು ಚೀಲವನ್ನು ಅಟ್ಟಕ್ಕೆ ಎಸೆದೆ. ಆದರೆ ಜಗತ್ತಿನ ಲೆಕ್ಕವೆಲ್ಲ ಸೋದರಮಾವನ ರೂಪ ತಾಳಿ, ನಮ್ಮ ಮನೆಯ ಜಗಲಿಯಲ್ಲೇ ಕಾಲು ಚಾಚಿ ಕೂರುತ್ತದೆ ಎಂದು ಯಾರಿಗೆ ಗೊತ್ತಿತ್ತು!

ಮಾವ ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು. ಮೂವತ್ತು ವರ್ಷ ಬೆಳಗಾದರೆ ಕೆಲಸದವರ ಹಾಜರಿ ಕರೆದು ಕರೆದು, ನಾಲ್ಕು ಜನ ಒಟ್ಟಿಗೆ ಕಂಡರೆ ಸಾಕು, ಅವರ ಕೈ ತಾನಾಗಿ ಜೇಬಿನ ಪೆನ್ನಿಗೆ ಹೋಗುತ್ತಿತ್ತು. ಅವರು ರಿಟೈರ್ ಆದರು, ಪೆನ್ನು ಆಗಲಿಲ್ಲ. ಅತ್ತೆಯ ಜೊತೆ ನಮ್ಮ ಮನೆಗೇ ಬಂದು ನೆಲೆಸಿ, ನೋಟ್‌ಬುಕ್ಕಿನಲ್ಲಿ ಉದ್ದಕ್ಕೆ ಗೆರೆ, ಅಡ್ಡಕ್ಕೆ ಗೆರೆ ಎಳೆದು, ನಮ್ಮ ದೇಶದ ಜನ ಎಂಥವರು ಎಂದು ಕಂಡುಹಿಡಿಯಲು ಹೊರಟರು.

"ಜನಗಣತಿಯವ್ರು ಮನೇಲಿ ಎಷ್ಟು ಜನ ಅಂತ ಕೇಳ್ತಾರೆ ಮಾರಾಯ. ಯಾರು ಎಲ್ಲಿ ಕೂತ್ಕೊಳ್ತಾರೆ ಅಂತ ಕೇಳ್ತಾರಾ? ದೇಶ ಇರೋದು ಅಲ್ಲಿ!"

ಒಂದು ಬೇಸಗೆ ಪೂರ್ತಿ ಮನೆಗೆ ಬಂದ ನೆಂಟರನ್ನೆಲ್ಲ ಬರೆದುಕೊಂಡರು. ಕಾಫಿ ಬೇಕಾ ಎಂದರೆ ನಲವತ್ತು ಜನರಲ್ಲಿ ಮೂವತ್ತೇಳು ಜನ "ಅಯ್ಯೋ, ಬೇಡ ಬೇಡ" ಎಂದರಂತೆ. ಕುಡಿದವರು? ನಲವತ್ತು! "ಬೇಡ ಅಂದ್ರೆ ನಮ್ಮ ಕಡೆ ಎಂತ ಗೊತ್ತುಂಟಾ? ಹಾಲು ಸ್ವಲ್ಪ ಜಾಸ್ತಿ ಹಾಕಿ ಅಂತ," ಎಂದು ಷರಾ ಬರೆದರು. ಅತ್ತೆ ಅಂದಿನಿಂದ ಬೇಡ ಎಂದವರಿಗೆ ದೊಡ್ಡ ಲೋಟದಲ್ಲೇ ಕೊಡತೊಡಗಿದರು.

ಇನ್ನೊಮ್ಮೆ ಸಾವಿನ ಮನೆಗೆ ಹೋಗಿ, ಅತ್ತವರೆಷ್ಟು, ಅಳುತ್ತಲೇ ಬಸ್ಸಿನ ಟೈಮು ಕೇಳಿದವರೆಷ್ಟು ಎಂದು ಗುರುತು ಹಾಕುವಾಗ ಸಿಕ್ಕಿಬಿದ್ದರು. ಆ ಮನೆಯ ಅಜ್ಜಿ ಪೊರಕೆ ಹಿಡಿದು ಗೇಟಿನವರೆಗೂ ಅಟ್ಟಿಸಿಕೊಂಡು ಬಂದಳು. ಏದುಸಿರು ಬಿಡುತ್ತ ಜೀಪು ಹತ್ತಿದ ಮಾವ ಮೊದಲು ಮಾಡಿದ ಕೆಲಸವೇನು? "ಅಟ್ಟಿಸಿಕೊಂಡು ಬಂದವರು: ಒಬ್ಬರು" ಎಂದು ಬರೆದದ್ದು!

ಆ ಜೀಪು ನನ್ನದು. ಓದು ಬಿಟ್ಟ ಮೇಲೆ ಗ್ಯಾರೇಜಿನಲ್ಲಿ ಗ್ರೀಸು ಒರೆಸಿ, ಆಮೇಲೆ ಬೇರೆಯವರ ಗಾಡಿ ಓಡಿಸಿ, ಎಂಟು ವರ್ಷಕ್ಕೆ ಸ್ವಂತಕ್ಕೆ ಮಾಡಿಕೊಂಡದ್ದು. ಜಾವಳಿಯಿಂದ ಮೂಡಿಗೆರೆಗೆ ಟ್ರಿಪ್ಪು. ಮುಂದಿನ ಗಾಜಿನ ಮೇಲೆ ಪೇಂಟರ್ ಹತ್ತಿರ ದೊಡ್ಡ ಅಕ್ಷರದಲ್ಲಿ "ಸರ್ವರಿಗೂ ಸ್ವಾಗತ" ಎಂದು ಬರೆಸಿದ್ದೆ. ಅದು ಬರೀ ಬಣ್ಣವಲ್ಲ, ನನ್ನ ಮರ್ಯಾದೆ.

"ನನ್ನ ಜೀಪಲ್ಲಿ ದೊಡ್ಡವ್ರು ಚಿಕ್ಕವ್ರು ಅಂತ ಇಲ್ಲ ಮಾವ," ಎಂದೆ ಒಂದು ದಿನ ಜಂಬದಿಂದ.

ಮಾವ ಕನ್ನಡಕ ಏರಿಸಿದರು. "ಹೌದಾ? ಒಂದು ತಿಂಗಳು ಹಾಜರಿ ತಗೊಳ್ತೇನೆ. ಲೆಕ್ಕ ನಿನ್ನ ಕಡೆ ಬಂದ್ರೆ ನನ್ನ ನೋಟ್‌ಬುಕ್ಕೆಲ್ಲ ಒಲೆಗೆ. ಇಲ್ದಿದ್ರೆ ಆ ಅಕ್ಷರ ನೀನೇ ಕೆರೆದು ತೆಗೀಬೇಕು."

"ಆಗ್ಲಿ!" ಎಂದೆ. ಸೋಲುವ ಜಾತಿಯಲ್ಲ ನಾನು.

ಮಾರನೆಯ ದಿನದಿಂದ ಮಾವ ಹಿಂದಿನ ಬಾಗಿಲ ಪಕ್ಕ ಠಿಕಾಣಿ ಹೂಡಿದರು. ಪ್ರತಿ ಟ್ರಿಪ್ಪಿಗೂ ಮುಂದೆ ಕೂತವರು ಯಾರು, ಹಿಂದೆ ಕೂತವರು ಯಾರು, ಯಾರು ಯಾರಿಗೆ ಎದ್ದು ಜಾಗ ಬಿಟ್ಟರು, ಎಲ್ಲ ಬರವಣಿಗೆ.

"ನನ್ ಕೋಳೀನೂ ಬರ್ಕೊಳ್ಳಿ ರೈಟ್ರೇ," ಎಂದು ಕಾಫಿ ಕುಯ್ಯಲು ಹೊರಟಿದ್ದ ಹೆಂಗಸೊಬ್ಬಳು ಕೆಣಕಿದಳು.

"ಎಲ್ಲಿ ಕೂತಿದೆ?"

"ನನ್ ತೊಡೆ ಮೇಲೆ."

"ನೀನು?"

"ಇನ್ನೊಬ್ಳ ತೊಡೆ ಮೇಲೆ!"

ಜೀಪೆಲ್ಲ ನಕ್ಕಿತು. ಮಾವ ನಗಲಿಲ್ಲ, ಬರೆದರು.

ತಿಂಗಳಾಯಿತು. ಜಗಲಿಯಲ್ಲಿ ನೋಟ್‌ಬುಕ್ಕು ಬಿಚ್ಚಿದರು. ಮುಂದಿನ ಸೀಟು: ತೋಟದ ಧಣಿಗಳು ಹತ್ತೊಂಬತ್ತು ಸಲ. ಮೇಷ್ಟ್ರು ಹನ್ನೆರಡು. ಡಾಕ್ಟರ ಹತ್ತಿರ ಹೊರಟಿದ್ದ ಧಣಿಗಳ ನಾಯಿ, ಎರಡು. ತೋಟದ ಕೆಲಸದ ಹೆಂಗಸರು, ಸೊನ್ನೆ.

"ಅವ್ರೇ ಕೂರಲ್ಲ ಮಾವ, ನಾನೆಂತ ಮಾಡ್ಲಿ?"

"ಕೆಳಗೆ ಓದು."

ಕೆಳಗೆ ಇನ್ನೊಂದು ಸಾಲು. ಮುಂದಿನ ಸೀಟು ಖಾಲಿ, ಹಿಂದೆ ಜನ ನೇತಾಡುತ್ತಿದ್ದ ಟ್ರಿಪ್ಪುಗಳು: ಮೂವತ್ತೊಂದು.

ಎಸ್ಟೇಟ್ ಗೇಟಿನಲ್ಲಿ ಯಾರಾದರೂ ದೊಡ್ಡವರು ಕೈ ಅಡ್ಡ ಹಾಕಿದರೆ ಇರಲಿ ಎಂದು ಆ ಸೀಟನ್ನು ಖಾಲಿ ಇಡುತ್ತಿದ್ದವನು ನಾನೇ. ಈ ದಾರಿಯ ಡ್ರೈವರುಗಳೆಲ್ಲ ಇಡುತ್ತಾರೆ. ಯಾರೂ ಹೇಳಿಕೊಟ್ಟದ್ದಲ್ಲ, ಗೇರಿನ ಜೊತೆಗೇ ಕೈಗೆ ಬಂದದ್ದು.

"ಇನ್ನೊಂದು ಹಾಳೆ ಉಂಟು," ಎಂದರು ಮಾವ. ಅವರ ಧ್ವನಿ ಯಾಕೋ ಸಣ್ಣದಾಗಿತ್ತು.

ಆ ಹಾಳೆಯಲ್ಲಿ ಒಂದೇ ಸಾಲು. ಅಕ್ಕ. ಜೀಪು ಹತ್ತಿದ್ದು, ಇಪ್ಪತ್ತಾರು ಸಲ. ಮುಂದೆ ಕೂತದ್ದು, ಸೊನ್ನೆ.

ಮಾವನ ಅಕ್ಕ ಎಂದರೆ ನನ್ನ ಅಮ್ಮ. ದಿನಾ ನನ್ನ ಜೀಪಿನ ಹಿಂದೆ, ಯಾರದೋ ಮೊಣಕಾಲಿಗೆ ಒತ್ತಿಕೊಂಡು, ತೋಟದ ಕೆಲಸಕ್ಕೆ ಹೋಗುತ್ತಿದ್ದವಳು.

ಅವತ್ತೇ ಸೀಮೆಎಣ್ಣೆ ಬಟ್ಟೆಯಿಂದ ಗಾಜಿನ ಅಕ್ಷರ ಒರೆಸಿದೆ. ಬಿಡದೆ ಉಳಿದದ್ದನ್ನು ಬ್ಲೇಡಿನಲ್ಲಿ ಕೆರೆದೆ. ಮಾರನೆಯ ಬೆಳಿಗ್ಗೆ ಮುಂದಿನ ಸೀಟು ತಟ್ಟಿ, "ಹತ್ತಮ್ಮ," ಎಂದೆ.

"ಅಲ್ಲಿ ಬೇಡ ಮಗಾ. ಯಾರಾದ್ರೂ ದೊಡ್ಡವ್ರು ಬಂದ್ರೆ?"

"ಬಂದ್ರೆ ಹಿಂದೆ ಜಾಗ ಉಂಟು."

ಬಂದೇ ಬಂದರು! ಗೇಟಿನಲ್ಲಿ ಅಮ್ಮ ಕೆಲಸ ಮಾಡುವ ತೋಟದ ಧಣಿಗಳೇ ನಿಂತಿದ್ದರು. ಅಮ್ಮ ಬುತ್ತಿ ಹಿಡಿದು ಅರ್ಧ ಎದ್ದಳು. "ಕೂತ್ಕೋ ಅಮ್ಮ," ಎಂದೆ, ರಸ್ತೆಯಿಂದ ಕಣ್ಣು ತೆಗೆಯದೆ. ಧಣಿಗಳು ಮುಂದಿನ ಸೀಟನ್ನೂ ನನ್ನನ್ನೂ ನೋಡಿದರು. ಹಿಂದಿನಿಂದ ಮಾವನ ಧ್ವನಿ ಬಂತು: "ಬನ್ನಿ ಬನ್ನಿ, ಇಲ್ಲಿ ಸರಿದುಕೊಳ್ತೇನೆ." ಅವರು ಹಿಂದೆ ಹೋಗಿ ಹತ್ತಿದರು. ಜೀಪು ಎಂದಿನಂತೆ ಹೊರಟಿತು. ತುಸು ದೂರ ಹೋದ ಮೇಲೆ ಅಮ್ಮ, "ಇಲ್ಲಿಂದ ರಸ್ತೆ ಎಷ್ಟು ಅಗಲ ಕಾಣ್ತದೆ!" ಎಂದಳು.

ಅಂದಿನಿಂದ ಸಂಜೆ ಅಮ್ಮ ಮನೆ ಮುಟ್ಟುವುದೇ ತಡ, ಮಾವ ಜಗಲಿಯಿಂದಲೇ ಕೂಗುತ್ತಿದ್ದರು, "ಎಲ್ಲಿ ಕೂತೆ?" ಅಮ್ಮ, "ಮುಂದೆ ಕಣೋ," ಎಂದ ಮೇಲೆ ಅವಳ ಸಾಲಿನಲ್ಲಿ ಒಂದು ಗೆರೆ. ಹೋದ ಮಳೆಗಾಲ ಮಾವ ಹೋಗುವವರೆಗೂ ಅದು ತಪ್ಪಲಿಲ್ಲ. ಅವರ ಮಣ್ಣಿಗೆ ಬಂದು ಅತ್ತವರನ್ನು ಎಣಿಸಲು ಯಾರೂ ಇರಲಿಲ್ಲ. ನಾನು ಎಣಿಸಲು ನೋಡಿದೆ, ಆಗಲಿಲ್ಲ.

ಈಗ ನನ್ನ ಹತ್ತಿರ ಇರುವುದು ಇಷ್ಟು: ಜೀಪು, ಎರಡು. ಮಾವನ ನೋಟ್‌ಬುಕ್ಕು, ಹನ್ನೊಂದು. ಅಮ್ಮನ ಸಾಲಿನಲ್ಲಿ ಗೆರೆ, ನಾನೂರ ಹನ್ನೆರಡು.